ಅಹಮದಾಬಾದಿಗೆ ಹೋಗಿ ಸೋತು ಬಂದೆವು, ಮುಂದೇನು? ಅನುಭವ ಇದ್ದವರು ಹೇಳಿ

ದಾವಣಗೆರೆ ಅಪ್ಪ:

ನಮಸ್ಕಾರ ಎಲ್ಲರಿಗೂ. 2024ರ ಮೇ 22ರ ಬುಧವಾರ ಅಹಮದಾಬಾದಿನಲ್ಲಿ ಐಪಿಎಲ್‌ನ ಆರ್‌ಸಿಬಿ ಎಲಿಮಿನೇಟರ್ (ಸೋತವರು ಮನೆಗೆ ಹೋಗುವ ಮ್ಯಾಚ್) ನೋಡಿ ಶುಕ್ರವಾರ ರಾತ್ರಿ ಊರಿಗೆ ಬಂದು ಬಿದ್ದಿದ್ದೇವೆ, ನಾನು ಮತ್ತು ನನ್ನ ಮಗ. ಅವನಿಗೆ 11 ವರ್ಷ. ಮ್ಯಾಚ್ ಬಗ್ಗೆ ಹೇಳುವುದು ಬೇಡ, ಎಲ್ಲರೂ ನೋಡಿದ್ದೀರಿ. 172 ಹೊಡೆದೆವು, ರಾಜಸ್ಥಾನದವರು ಒಂದು ಓವರ್ ಉಳಿಸಿ ಮುಗಿಸಿದರು. ಮೊದಲ 8ರಲ್ಲಿ 7 ಸೋತು, ಆಮೇಲೆ ಸತತ 6 ಗೆದ್ದು, ಚೆನ್ನೈಯನ್ನು ಮನೆಗೆ ಕಳಿಸಿ, ಕೊನೆಗೆ ಸಿಕ್ಕಿದ್ದು ಇದು.

18ರ ರಾತ್ರಿ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದಾಗ ಮಗ ಬೀದಿಯ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ಓಡಿದ. ಅದನ್ನು ನೋಡಿ ನನಗೂ ತಲೆ ಕೆಟ್ಟಿತು, ಹೋಗೋಣ ನಡಿ ಅಂದುಬಿಟ್ಟೆ. ತತ್ಕಾಲ್‌ನಲ್ಲಿ ಇಬ್ಬರಿಗೂ ಹೋಗಿ ಬರುವುದಕ್ಕೆ 9,400. ಮ್ಯಾಚ್ ಟಿಕೆಟ್ ಎರಡಕ್ಕೆ 4,000. ಲಾಡ್ಜ್ ಎರಡು ರಾತ್ರಿಗೆ 3,800. ಆಟೊ, ಊಟ, ನೀರು 3,100, ಅದರಲ್ಲಿ ನೀರಿಗೇ 600 ಹೋಗಿರಬೇಕು, ಅಲ್ಲಿನ ಬಿಸಿಲು ಹಾಗಿತ್ತು. ಜರ್ಸಿ ಎರಡು 1,200. ಒಟ್ಟು 21,500. ಮನೆಯಲ್ಲಿ 14 ಸಾವಿರ ಅಂತ ಹೇಳಿದ್ದೇನೆ.

ವಾಪಸ್ ಬರುವಾಗ ರೈಲಿನ ತುಂಬಾ ರಾಜಸ್ಥಾನದ ಕಡೆಯವರೇ. ನಾವಿಬ್ಬರೂ ಜರ್ಸಿ ಬಿಚ್ಚಿ ಚೀಲದ ತಳಕ್ಕೆ ತುರುಕಿದ್ದೆವು. ಎದುರು ಸೀಟಿನ ಹಿರಿಯರೊಬ್ಬರು ಡಬ್ಬಿ ತೆಗೆದು ಮಗನಿಗೆ ಲಾಡು ಕೊಟ್ಟರು. ಗೆದ್ದ ಖುಷಿಗೆ ಹಂಚುತ್ತಿದ್ದಾರೆ ಅಂದುಕೊಂಡು ಅವನು ಮುಟ್ಟಲೇ ಇಲ್ಲ. ಆಮೇಲೆ ನೋಡಿದರೆ ಅವರು ಹುಬ್ಬಳ್ಳಿಯಲ್ಲಿ 30 ವರ್ಷದಿಂದ ಬಟ್ಟೆ ಅಂಗಡಿ ಇಟ್ಟವರು. ‘ನಾವೂ ಆರ್‌ಸಿಬಿನೇ ಅದೀವ್ರಿ, ರಾತ್ರಿ ನಿದ್ದಿ ಬಂದಿಲ್ಲ’ ಅಂದರು.

ಈಗ ವಿಷಯ ಏನೆಂದರೆ, ಮಗ ಗೋಡೆಯ ಮೇಲಿನ ಫೋಟೊ ಕಿತ್ತಿದ್ದಾನೆ. ಮುಂಬೈ ಟೀಮ್ ಹಿಡೀತೀನಿ ಅಂತಾನೆ. ಬಿಡಲಾ, ಬೇಡವಾ? ಇಲ್ಲ ಫುಟ್‌ಬಾಲ್, ಕಬಡ್ಡಿ ಕಡೆ ತಿರುಗಿಸಲಾ? ಯಾರಾದರೂ ನಿಜವಾಗಿ ಟೀಮ್ ಬದಲಾಯಿಸಿದ್ದೀರಾ? ಮುಂದಿನ ವರ್ಷಕ್ಕೆ ದುಡ್ಡು ಎತ್ತಿಡಬೇಕಾ ಅನ್ನುವುದೂ ಒಂದು ಪ್ರಶ್ನೆ. ಅನುಭವ ಇದ್ದವರು ಹೇಳಿ.

ಎಂಟು ರನ್:

ಗುರು, 21 ಸಾವಿರಕ್ಕೇ ಹೀಗಂದರೆ ಹೇಗೆ. ನನ್ನದು ಕೇಳಿ.

2016ರ ಮೇ 29. ಹೈದರಾಬಾದ್ ಎದುರಿನ ಐಪಿಎಲ್ ಫೈನಲ್ ಮುಂಬೈಯಲ್ಲಿ ಆಗಬೇಕಿತ್ತು, ಅಲ್ಲಿ ಬರ ಅಂತ ಕೋರ್ಟ್ ಬೇಡ ಅಂದಿದ್ದಕ್ಕೆ ನಮ್ಮ ಚಿನ್ನಸ್ವಾಮಿಗೆ ಬಂತು. ದೇವರೇ ಕಳಿಸಿದ್ದು ಅಂತ ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬ್ಲ್ಯಾಕಿನಲ್ಲಿ ಎರಡು ಟಿಕೆಟ್, ಒಂದಕ್ಕೆ 7,500. ಒಂದು ನನಗೆ, ಒಂದು ಭಾವನಿಗೆ. ಭಾವ ದುಡ್ಡು ಆಮೇಲೆ ಕೊಡ್ತೀನಿ ಅಂದ, ಇವತ್ತಿಗೆ 8 ವರ್ಷ, ಇನ್ನೂ ಕೊಟ್ಟಿಲ್ಲ, ನಾನೂ ಕೇಳಿಲ್ಲ, ಯಾಕೆಂದರೆ ಕೇಳಿದರೆ ಆ ಮ್ಯಾಚ್ ಮಾತು ಬರುತ್ತದೆ.

ಗೇಲ್ 38 ಬಾಲಿಗೆ 76. ಮೊದಲ ವಿಕೆಟ್ ಬಿದ್ದಾಗ 10.3 ಓವರಿಗೆ 114. ಇದನ್ನು ನಿಧಾನವಾಗಿ ಓದಿ. 209 ಬೇಕು, 114ಕ್ಕೆ ಒಂದೇ ವಿಕೆಟ್, ಕೊಹ್ಲಿ ಕ್ರೀಸಿನಲ್ಲಿದ್ದಾರೆ, ಆ ವರ್ಷ 973 ರನ್ ಹೊಡೆದ ಮನುಷ್ಯ, ಹಿಂದೆ ಎಬಿ ಡಿವಿಲಿಯರ್ಸ್ ಇದ್ದಾರೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಎದ್ದು ನಿಂತು ಕೈ ಮುಗಿದುಬಿಟ್ಟರು. ಭಾವ ಅಕ್ಕನಿಗೆ ಫೋನ್ ಮಾಡಿ ಪಾಯಸ ಇಡು ಅಂದ. ಅಲ್ಲಿಂದ 8 ರನ್ನಿಗೆ ಸೋತೆವು.

ಆದರೆ ಬ್ಯಾಟಿಂಗ್‌ನಲ್ಲಿ ಸೋತಿದ್ದಲ್ಲ ಅದು. ನಮ್ಮ ವಾಟ್ಸನ್ 4 ಓವರಿಗೆ 61 ಕೊಟ್ಟರು. ಕೊನೆಯ ಓವರ್ ಒಂದರಲ್ಲೇ 24. ಹೈದರಾಬಾದಿನ ಕಟಿಂಗ್ ಹೊಡೆದ ಒಂದು ಸಿಕ್ಸರ್ ಸ್ಟೇಡಿಯಂ ಆಚೆ ಹೋಯಿತು, ನಾನು ಕತ್ತೆತ್ತಿ ನೋಡಿದೆ, ಅದು ಕೆಳಗೆ ಬರಲೇ ಇಲ್ಲ. ಆಮೇಲೆ ಅದೇ ಕಟಿಂಗ್ ಬಂದು ಗೇಲ್‌ನ ತೆಗೆದ.

ಮುಗಿದ ಮೇಲೆ ಹೊರಗೆ ಬಂದರೆ ಗಾಡಿ ಇಲ್ಲ. ಎತ್ತಿಕೊಂಡು ಹೋಗಿದ್ದಾರೆ. ಮಾರನೆಯ ದಿನ ಬಿಡಿಸಿಕೊಳ್ಳಲು 950, ಹ್ಯಾಂಡಲ್ ವಾರೆ ಆಗಿತ್ತು, ಅದಕ್ಕೆ 1,400. ರಾತ್ರಿ ಮೆಜೆಸ್ಟಿಕ್‌ವರೆಗೆ ನಡೆದೆವು. ಭಾವ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಪಾಯಸ ಇತ್ತು. ತಿಂದೆವು, ಏನು ಮಾಡೋದು, ಅಕ್ಕ ಮಾಡಿಬಿಟ್ಟಿದ್ದಳು.

ಟೀಮ್ ಬದಲಾಯಿಸೋದಾ? ನನ್ನ ಮುಂದೆ ಹೇಳಬೇಡಿ.

ಟಿವಿ ಆಫ್:

ನಾನು 2011ರಲ್ಲೇ ಬಿಟ್ಟೆ. ಚೆನ್ನೈ ಫೈನಲ್. ಅವರು 205, ಮುರಳಿ ವಿಜಯ್ 95. ನಮ್ಮ ಕಡೆ ಗೇಲ್ ಮೊದಲ ಓವರಿನಲ್ಲೇ ಅಶ್ವಿನ್‌ಗೆ ಸೊನ್ನೆ. ಟಿವಿ ಆಫ್ ಮಾಡಿದೆ, ಅಷ್ಟೇ. ಅದಾದ ಮೇಲೆ ಒಂದು ಮ್ಯಾಚೂ ನೋಡಿಲ್ಲ. ಮನೆಯಲ್ಲಿ ನೆಮ್ಮದಿ, ಬಿ.ಪಿ. ನಾರ್ಮಲ್. ಸಂಜೆ ವಾಕಿಂಗ್ ಹೋಗುತ್ತೇನೆ. ಮಗನಿಗೂ ವಾಕಿಂಗ್ ಕಲಿಸಿ.

ಅಂದಹಾಗೆ 2016ರಲ್ಲಿ ವಾಟ್ಸನ್ ಮೇಲೆ ಗೂಬೆ ಕೂರಿಸಬೇಡಿ. ಕೊನೆಯ ಓವರಿಗೆ 18 ಬೇಕಿತ್ತು, ಅವರ ಬೌಲರ್ ಭುವನೇಶ್ವರ್ ಬರೀ 9 ಕೊಟ್ಟ. ಎಬಿ 5ಕ್ಕೆ ಹೋದರು. ಅಲ್ಲಿ ಸೋತಿದ್ದು.

ಎಂಟು ರನ್:

ಒಂದು ಮ್ಯಾಚೂ ನೋಡದವರಿಗೆ ಭುವಿ 9 ಕೊಟ್ಟದ್ದು ಹೇಗೆ ಗೊತ್ತು ಸ್ವಾಮಿ?

ಟಿವಿ ಆಫ್:

ಪೇಪರ್ ಓದುತ್ತೇನೆ. ಓದಬಾರದಾ?

ಪಶ್ಚಿಮದ ಮೆಟ್ಟಿಲು:

ಯಾವಾಗ ನೋಡಿದರೂ ಕ್ರಿಕೆಟ್. ಫುಟ್‌ಬಾಲ್ ಕಡೆ ಬರಲಾ ಅಂತ ಕೇಳಿದ್ದಾರೆ, ಆ ಮಾತಿಗೆ ಬರೋಣ.

ನಾನು ಬಿಎಫ್‌ಸಿಗೆ, ಅಂದರೆ ಬೆಂಗಳೂರು ಫುಟ್‌ಬಾಲ್ ಕ್ಲಬ್‌ಗೆ ಬಂದದ್ದು 2014ರಲ್ಲಿ. ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದ ಟೀಮ್ ನಮ್ಮದು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು, ದೋಹಾದಲ್ಲಿ ಇರಾಕಿನ ಟೀಮಿನ ಎದುರು 1-0 ಸೋತೆವು. ಅದು ನೋವಲ್ಲ, ಹೆಮ್ಮೆ. ನೋವು ಅಂದರೆ 2018ರ ಮಾರ್ಚ್ 17.

ಆಗ ಐಎಸ್‌ಎಲ್ ಲೀಗಿನಲ್ಲಿ 40 ಪಾಯಿಂಟ್, ಎರಡನೆಯವರಿಗಿಂತ 8 ಮುಂದೆ. ಬೇರೆ ದೇಶದ ಲೀಗಾದರೆ ಅಲ್ಲಿಗೇ ಟ್ರೋಫಿ ಕೈಗೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಇಲ್ಲಿ ಪ್ಲೇಆಫ್ ಆಡಬೇಕು. ಸರಿ, ಆಡಿದೆವು. ಫೈನಲ್ ಕಂಠೀರವದಲ್ಲೇ. 9ನೇ ನಿಮಿಷಕ್ಕೆ ಉದಾಂತ ಕ್ರಾಸ್, ಛೇತ್ರಿ ನೆಲಕ್ಕೆ ಹಾರಿ ತಲೆ ಕೊಟ್ಟರು, 1-0. ನಮ್ಮ ಮೆಟ್ಟಿಲು ಅದುರಿತು, ಸುಮ್ನೆ ಮಾತಿಗಲ್ಲ, ಕಾಲಡಿಯಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಅನ್ನುವ ಡಿಫೆಂಡರ್ ಎರಡು ಸಲ ಕಾರ್ನರ್‌ಗೆ ಬಂದು ಎರಡು ಸಲವೂ ತಲೆಯಲ್ಲೇ ಹಾಕಿ ಹೋದ. ಒಂದೇ ತರಹ! ಮೊದಲ ಸಲ ಆದಮೇಲೆ ಅವನನ್ನು ಹಿಡಿಯೋಕೆ ಒಬ್ಬ ಸಿಗಲಿಲ್ಲವಾ? 3-2 ಸೋತೆವು. ನಮ್ಮ ಎರಡನೆಯದು ಇಂಜುರಿ ಟೈಮಿನಲ್ಲಿ ಬಂತು, ಯಾರಿಗೆ ಬೇಕು.

ಆ ದಿನ ನನ್ನ ಖರ್ಚು: ಟಿಕೆಟ್, ಡ್ರಮ್ ಬಾಡಿಗೆಯಲ್ಲಿ ನನ್ನ ಪಾಲು 400, ಬ್ಯಾನರ್ ಬಟ್ಟೆ ಮತ್ತು ಬಣ್ಣ 1,150, ಗಂಟಲು ಹೋಗಿ ಡಾಕ್ಟರಿಗೆ 300, ಔಷಧಿ 420. ಹತ್ತು ದಿನ ಮಾತಾಡಲಾಗಲಿಲ್ಲ. ಸೋಮವಾರ ಆಫೀಸಿನಲ್ಲಿ ಪ್ರೆಸೆಂಟೇಶನ್ ಇತ್ತು, ಅದು ಬೇರೆಯವರ ಪಾಲಾಯಿತು, ಆ ವರ್ಷದ ಬಡ್ತಿಯೂ ಅವರಿಗೇ ಹೋಯಿತು. ಇದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಮುಂದಿನ ವರ್ಷ ಅದೇ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಭೇಕೆ 117ನೇ ನಿಮಿಷದಲ್ಲಿ ಹಾಕಿ ಗೆಲ್ಲಿಸಿದರು. ನಾನು ಹೋಗಿರಲಿಲ್ಲ, ನಾನು ಹೋದರೆ ಸೋಲುತ್ತದೆ ಅಂತ. 2023ರ ಫೈನಲ್‌ಗೆ ಗೋವಾಕ್ಕೆ ಹೋದೆ. ಪೆನಾಲ್ಟಿಯಲ್ಲಿ ಸೋತೆವು. ಗೊತ್ತಾಯಿತಲ್ಲ.

ಈ ವರ್ಷ 10ನೇ ಸ್ಥಾನ. ಬನ್ನಿ, ಸೀಟು ಖಾಲಿ ಇದೆ.

ಕಬಡ್ಡಿ ಮಂಡ್ಯ:

ಬಿಎಫ್‌ಸಿ ಸ್ಟ್ಯಾಂಡಿನಲ್ಲಿ ಹಾಡೆಲ್ಲ ಇಂಗ್ಲಿಷಿನಲ್ಲೇ ಅಲ್ವಾ ಸಾರ್. ದಾವಣಗೆರೆ ಹುಡುಗ ಬಂದು ಏನು ಹಾಡಬೇಕು?

ಪಶ್ಚಿಮದ ಮೆಟ್ಟಿಲು:

ನೀವು ಯಾವಾಗ ಬಂದಿದ್ದಿರಿ? ಕನ್ನಡದಲ್ಲೂ ಕೂಗುತ್ತೇವೆ. ಬರದೇ ಮಾತಾಡಬೇಡಿ. 2016ರಲ್ಲಿ ಇಡೀ ಏಷ್ಯಾ ನಮ್ಮನ್ನು ನೋಡುತ್ತಿದ್ದಾಗ ನಿಮ್ಮ ಕಬಡ್ಡಿ ಬುಲ್ಸ್ ಎಲ್ಲಿತ್ತು?

ಕಬಡ್ಡಿ ಮಂಡ್ಯ:

ಎಲ್ಲಿತ್ತಾ? ಸರಿ, ಕೇಳಿದಿರಲ್ಲ, ಹೇಳುತ್ತೇನೆ. 2017ರಲ್ಲಿ ಬೆಂಗಳೂರು ಬುಲ್ಸ್ ‘ಮನೆ’ ಮ್ಯಾಚ್ ಆಡಿದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ನಮ್ಮೂರ ಟೀಮಿಗೆ ನಮ್ಮೂರಲ್ಲಿ ಜಾಗ ಇರಲಿಲ್ಲ. ಹೀಗಿದ್ದೂ ಆ 2018ರ ಸೀಸನ್ನಿನಲ್ಲೇ ಕಪ್ ಹೊಡೆದದ್ದು. ಬೇರೆಯವರ ಹಿತ್ತಲಲ್ಲಿ ಅಡುಗೆ ಮಾಡಿ ಹಬ್ಬ ಮಾಡಿದ ಹಾಗೆ.

ಫೈನಲ್ 2019ರ ಜನವರಿ 5, ಮುಂಬೈ. ನಾವು ಮೂರು ಜನ ಮಂಡ್ಯದಿಂದ ಬೆಂಗಳೂರು, ಅಲ್ಲಿಂದ ಬಸ್. ಒಬ್ಬೊಬ್ಬರಿಗೆ 1,650. ಕೊಲ್ಲಾಪುರ ದಾಟಿದ ಮೇಲೆ ಟೈರ್ ಪಂಕ್ಚರ್, ಸ್ಟೆಪ್ನಿ ಹಾಕಲು ಜಾಕಿಲ್ಲ. ಹಿಂದೆ ಬಂದ ಲಾರಿಯವನು ನಿಲ್ಲಿಸಿ ಜಾಕಿ ಕೊಟ್ಟ. ಮೂರು ಗಂಟೆ ಹಾಳು. ಹೋಟೆಲ್ ರೂಮಿಗೆ ಹೋಗಲು ಟೈಮೇ ಸಿಗಲಿಲ್ಲ, ಮುಂಗಡ 1,000 ಕೊಟ್ಟಿದ್ದೆವು, ಹೋಯಿತು. ಚೀಲ ಹೊತ್ತುಕೊಂಡೇ ಸ್ಟೇಡಿಯಂಗೆ ಹೋದೆವು, ಚೀಲ ಒಳಗೆ ಬಿಡಲ್ಲ ಅಂದರು, ಎದುರಿನ ಪಾನ್ ಅಂಗಡಿಯವನಿಗೆ 150 ಕೊಟ್ಟು ಇಟ್ಟೆವು.

ಹಾಫ್ ಟೈಮಿಗೆ ಗುಜರಾತ್ 16, ನಾವು 9. ನನ್ನ ಜೊತೆಯವನು ಎದ್ದು ಹೋಗೋಣ ಅಂದ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಆಮೇಲೆ ನಮ್ಮ ರೈಡರ್ ಪವನ್. ಒಬ್ಬನೇ 22 ಪಾಯಿಂಟ್! ಗೆರೆ ದಾಟಿ ಬಂದು ತೊಡೆ ತಟ್ಟುವ ಸದ್ದು ನಮ್ಮ ಸೀಟಿಗೆ ಕೇಳುತ್ತಿತ್ತು. 38-33. ಆ ರಾತ್ರಿ ಮಂಡ್ಯದಲ್ಲಿ ಪಟಾಕಿ ಹೊಡೆದವರು ಯಾರೂ ಇಲ್ಲ. ಊರಿಗೆ ಬಂದು ಕಪ್ ಗೆದ್ದೆವು ಅಂದರೆ ‘ಯಾವ ಕಪ್ಪು’ ಅಂತ ಕೇಳಿದರು. ಇದೇ ಜನ ಆರ್‌ಸಿಬಿ ಎಲಿಮಿನೇಟರ್ ಸೋತರೆ ಊಟ ಬಿಡುತ್ತಾರೆ.

ಆಮೇಲೆ ಪವನ್ ಹರಾಜಿನಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. ಅದೇ ವರ್ಷ ಸೆಮಿಫೈನಲ್‌ನಲ್ಲಿ ಜೈಪುರ ನಮ್ಮನ್ನು 49-29 ಬಡಿಯಿತು. 20 ಪಾಯಿಂಟ್. ಅದಕ್ಕೂ ಮುಂಬೈಗೆ ಹೋಗಿದ್ದೆ, ಒಬ್ಬನೇ. ಲೆಕ್ಕ ಬರೆದಿಟ್ಟಿದ್ದೇನೆ, 6,870.

ಕೊನೆಯದಾಗಿ ಒಂದು. ಕಪ್ ಗೆದ್ದ ವರ್ಷ ನಮ್ಮ ಕೋಚಿಂಗ್ ಬಳಗದಲ್ಲಿ ನಮ್ಮ ಕನ್ನಡದವರೇ ಬಿ.ಸಿ. ರಮೇಶ್ ಇದ್ದರು. ಅವರು ಮುಂದಿನ ವರ್ಷ ಬಂಗಾಳಕ್ಕೆ ಹೋಗಿ ಕಪ್ ಗೆಲ್ಲಿಸಿದರು. ಈ ಮಾರ್ಚಿನಲ್ಲಿ ಪುಣೆಗೂ ಗೆಲ್ಲಿಸಿದರು. ನಾವು ಪ್ಲೇಆಫಿಗೂ ಹೋಗಲಿಲ್ಲ. ಈ ಉರಿ ನಿಮಗೆ ಯಾರಿಗೂ ಅರ್ಥ ಆಗಲ್ಲ, ಬಿಡಿ.

ಇಬ್ಬರು ಹೆಣ್ಮಕ್ಕಳ ಅಮ್ಮ:

ಎಲ್ಲರೂ ಕಪ್ ಕಪ್ ಅನ್ನುತ್ತಿದ್ದೀರಿ. ಆರ್‌ಸಿಬಿ ಎರಡು ತಿಂಗಳ ಹಿಂದೆ ಕಪ್ ಗೆದ್ದಿದೆ. ಮಾರ್ಚ್ 17, ದೆಹಲಿ, ಮಹಿಳೆಯರ ಫೈನಲ್. ಎದುರಾಳಿ 113ಕ್ಕೆ ಆಲ್ ಔಟ್, ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. 8 ವಿಕೆಟ್ ಗೆಲುವು. ನೆನಪಿದೆಯಾ ಯಾರಿಗಾದರೂ?

ಫೆಬ್ರವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದಾಗ ನಾನು ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಾಲ್ಕು ಸಲ ಹೋದೆ. ದೊಡ್ಡವಳಿಗೆ 13, ಚಿಕ್ಕವಳಿಗೆ 9. ಟಿಕೆಟ್ ಅಗ್ಗ, ಬ್ಲ್ಯಾಕ್ ಇಲ್ಲ, ಕುಡಿದವರ ಕಾಟ ಕಡಿಮೆ. ಖರ್ಚಾಗಿದ್ದೆಲ್ಲ ಒಳಗಿನ ತಿಂಡಿಗೆ. ಒಂದು ಸಲ ನೀರಿನ ಬಾಟಲಿ ಗೇಟಿನಲ್ಲಿ ಕಿತ್ತುಕೊಂಡರು, ಚಿಕ್ಕವಳ ಸ್ಟೀಲ್ ಬಾಟಲಿ, 480 ರೂಪಾಯಿಯದು. ವಾಪಸ್ ಬರುವಾಗ ನೋಡಿದರೆ ಗೇಟಿನ ಪಕ್ಕ ಬಾಟಲಿಗಳ ರಾಶಿ, ಅದರಲ್ಲಿ ನಮ್ಮದು ಇಲ್ಲ. ಯಾರೋ ಒಳ್ಳೆಯದು ನೋಡಿ ಆರಿಸಿಕೊಂಡಿದ್ದಾರೆ. ಅವಳು ಕ್ಯಾಪ್ಟನ್ ಸ್ಮೃತಿ ಔಟಾಗಿದ್ದಕ್ಕೆ ಅಳಲಿಲ್ಲ, ಬಾಟಲಿಗೆ ಅತ್ತಳು.

ಫೈನಲ್ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರೇ ಬಾಲ್ಕನಿಗೆ ಬಂದು ಕೂಗಿದ್ದು. ಮೇಲಿನ ಮನೆಯವರು ಏನಾಯಿತು ಅಂತ ಇಳಿದು ಬಂದರು. ಕಪ್ ಬಂತು ಅಂದೆ. ‘ಓ, ಲೇಡೀಸ್‌ದಾ’ ಅಂದು ಹತ್ತಿ ಹೋದರು.

ಎಂಟು ರನ್:

ಮೇಡಂ, ನಾವೂ ಖುಷಿಪಟ್ಟೆವು. ಆದರೆ ಅದು ಬೇರೆ, ಇದು ಬೇರೆ. 16 ವರ್ಷದ್ದು.

ಇಬ್ಬರು ಹೆಣ್ಮಕ್ಕಳ ಅಮ್ಮ:

ಹೇಗೆ ಬೇರೆ, ಬಿಡಿಸಿ ಹೇಳಿ. ಅದೇ ಜರ್ಸಿ, ಅದೇ ಹೆಸರು, ಅದೇ ಚಿನ್ನಸ್ವಾಮಿ. ಸೋತ ಟೀಮ್ ನಿಮ್ಮದು, ಗೆದ್ದ ಟೀಮ್ ‘ಲೇಡೀಸ್‌ದು’. ಚೆನ್ನಾಗಿದೆ. ದಾವಣಗೆರೆಯವರೇ, ನಿಮ್ಮ ಮಗನಿಗೆ ಆ ಫೈನಲ್ ತೋರಿಸಿ. ಟೀಮ್ ಬದಲಾಯಿಸೋದೇ ಬೇಕಾಗಿಲ್ಲ.

ಶಾರ್ಜಾ ಶೆಟ್ರು:

ಮಾರಾಯ್ರೆ, ನಿಮ್ಮದೆಲ್ಲ ಇಂಡಿಯಾದ ಒಳಗಿನ ಖರ್ಚು. ನನ್ನದು ದಿರ್ಹಂ.

2021ರ ಅಕ್ಟೋಬರ್ 11, ಶಾರ್ಜಾ, ಕೊಲ್ಕತ್ತ ಎದುರು ಆರ್‌ಸಿಬಿ ಎಲಿಮಿನೇಟರ್. ಕೊರೊನಾ ಟೈಮ್, ಸ್ವಲ್ಪ ಜನರನ್ನು ಮಾತ್ರ ಬಿಡುತ್ತಿದ್ದರು. ನಾನು ಇರುವುದು ದುಬೈ, ಊರು ಮೂಡಬಿದಿರೆ ಹತ್ತಿರ. ಕೆಲಸದಲ್ಲಿ ರಜೆ ಸಿಗುವುದಿಲ್ಲ, ಹಾಗಾಗಿ ಜ್ವರ ಅಂತ ಹೇಳಿದೆ. ಆಗ ಜ್ವರ ಅಂದರೆ ಏನು ಗೊತ್ತಲ್ಲ? ಟೆಸ್ಟ್ ರಿಪೋರ್ಟ್ ತಾ ಅಂದರು. 150 ದಿರ್ಹಂ ಕೊಟ್ಟು ಟೆಸ್ಟ್. ನೆಗೆಟಿವ್ ಬಂತು, ಹಾಗಾದರೆ ಕೆಲಸಕ್ಕೆ ಬಾ ಅಂದರು. ಹೊಟ್ಟೆನೋವು ಅಂದೆ. ಒಂದು ದಿನದ ಸಂಬಳ ಕಟ್. ಟ್ಯಾಕ್ಸಿ ಹೋಗಿ ಬರಲು 130.

ಮ್ಯಾಚಿನಲ್ಲಿ ಏನಾಯಿತು? ಕೊಲ್ಕತ್ತದ ನರೈನ್. ಭರತ್, ಕೊಹ್ಲಿ, ಎಬಿ, ಮ್ಯಾಕ್ಸ್‌ವೆಲ್, ನಾಲ್ಕೂ ಅವನಿಗೇ, 21 ರನ್ನಿಗೆ. ನಾವು 138. ಸಾಲದು ಅಂತ ಬ್ಯಾಟ್ ಹಿಡಿದುಕೊಂಡು ಬಂದು ಕ್ರಿಸ್ಟಿಯನ್ ಓವರಿನಲ್ಲಿ ತಾನು ಎದುರಿಸಿದ ಮೊದಲ ಮೂರು ಬಾಲಿಗೆ ಮೂರು ಸಿಕ್ಸರ್. ಕೊಹ್ಲಿ ಆರ್‌ಸಿಬಿಯ ಕಾಯಂ ಕ್ಯಾಪ್ಟನ್ ಆಗಿ ಕೊನೆಯ ಮ್ಯಾಚ್ ಅದು. ನಾನು ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಟಿವಿಯಲ್ಲಿ ಕಂಡೆನಂತೆ. ಮರುದಿನ ಸೂಪರ್‌ವೈಸರ್ ಫೋಟೊ ತೋರಿಸಿ ‘ಹೊಟ್ಟೆನೋವು ಹೇಗಿದೆ’ ಅಂತ ಕೇಳಿದ. ಅವನು ಕೊಲ್ಕತ್ತದವನು. ಆರು ತಿಂಗಳು ಶುಕ್ರವಾರವೂ ಡ್ಯೂಟಿ ಹಾಕಿದ.

ಮಗನನ್ನು ಕರೆದುಕೊಂಡು ಹೋಗುವಾಗ ಶಾಲೆಗೆ ಏನು ಹೇಳಿದಿರಿ? ಅದೇ ಮುಖ್ಯ.

ಪಶ್ಚಿಮದ ಮೆಟ್ಟಿಲು:

ಮೇ ತಿಂಗಳು ಶೆಟ್ರೆ. ಶಾಲೆಗೆ ರಜೆ.

ಕಾಸರಗೋಡಿನವ:

ಮೇಲೆ ಬಿಎಫ್‌ಸಿಯವರು 2018ರ ನೋವು ಹೇಳಿಕೊಂಡರು. ಎಷ್ಟು ಚಂದ ಹೇಳಿದ್ದಾರೆ! 2023ರಲ್ಲಿ ಗೋವಾಕ್ಕೆ ಹೇಗೆ ಹೋದೆವು ಅನ್ನುವುದನ್ನು ಮಾತ್ರ ನುಂಗಿದ್ದಾರೆ. ನಾನು ಕನ್ನಡ ಶಾಲೆಯಲ್ಲಿ ಓದಿದವನು, ಮನೆಯಲ್ಲಿ ಕನ್ನಡ, ಆದರೆ ಫುಟ್‌ಬಾಲ್ ಅಂದರೆ ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್ 3, ಕಂಠೀರವ, ನಾನು ಅಲ್ಲೇ ಇದ್ದೆ. 96ನೇ ನಿಮಿಷ, ಫ್ರೀ ಕಿಕ್. ನಮ್ಮವರು ಗೋಡೆ ನಿಲ್ಲಿಸುತ್ತಿದ್ದಾರೆ, ಗೋಲ್‌ಕೀಪರ್ ಕಂಬದ ಹತ್ತಿರ ನಿಂತು ಕೈ ತೋರಿಸುತ್ತಿದ್ದಾನೆ, ಛೇತ್ರಿ ಸುಮ್ನೆ ತಟ್ಟಿ ಒಳಗೆ ಹಾಕಿದರು. ಅದು ಗೋಲಾ?

ಪಶ್ಚಿಮದ ಮೆಟ್ಟಿಲು:

ಗೋಲು. ರೆಫರಿ ಕೊಟ್ಟರು. ವಿಷಲ್ ಬೇಡ ಅಂತ ಛೇತ್ರಿ ಹೇಳಿಯೇ ಹೊಡೆದದ್ದು. ನಿಮ್ಮ ಲೂನಾ ಪಕ್ಕದಲ್ಲೇ ನಿಂತಿದ್ದರು, ಅವರಿಗೆ ಗೊತ್ತಿತ್ತು. ನಿಮ್ಮ ಕೋಚ್ ಆಟಗಾರರನ್ನು ಕರೆದುಕೊಂಡು ಹೊರಗೆ ಹೋದರು. ಅದಕ್ಕೆ 4 ಕೋಟಿ ದಂಡ ಬಿತ್ತು, ಕೋಚ್‌ಗೆ 10 ಮ್ಯಾಚ್ ನಿಷೇಧ. ತಪ್ಪು ಯಾರದು ಅಂತ ಅಲ್ಲೇ ತೀರ್ಮಾನ ಆಯಿತು.

ಕಾಸರಗೋಡಿನವ:

ಗೋಡೆ ಕಟ್ಟುವಾಗ ಹೊಡೆಯುವುದು ಊಟಕ್ಕೆ ಎಲೆ ಹಾಸುವಾಗಲೇ ಪಾಯಸ ಕುಡಿದು ಎದ್ದ ಹಾಗೆ. ನಿಯಮ ಇರಬಹುದು, ಮರ್ಯಾದೆ ಇಲ್ಲ. ಅವತ್ತು ನಾನು ರಾತ್ರಿ ಬಸ್ಸಿಗೆ 1,100 ಕೊಟ್ಟು ಬಂದಿದ್ದೆ. ಹಳದಿ ಜರ್ಸಿ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ನಿಂತಾಗ ಆಟೊದವರು ಮೀಟರಿಗೆ ಎರಡರಷ್ಟು ಕೇಳಿದರು.

ಎಂಟು ರನ್:

ಅದು ಜರ್ಸಿಗಲ್ಲ, ಎಲ್ಲರಿಗೂ ಕೇಳುತ್ತಾರೆ.

ಟಿವಿ ಆಫ್:

ಛೇತ್ರಿ ಮೇಲೆ ಮಾತಾಡಬೇಡಿ ದಯವಿಟ್ಟು. ಜೂನ್ 6ಕ್ಕೆ ಕೊಲ್ಕತ್ತದಲ್ಲಿ ಕುವೈತ್ ಎದುರು ದೇಶಕ್ಕಾಗಿ ಕೊನೆಯ ಮ್ಯಾಚ್ ಆಡುತ್ತಿದ್ದಾರೆ. ಅದನ್ನಾದರೂ ನೆಮ್ಮದಿಯಾಗಿ ನೋಡೋಣ.

ಎಂಟು ರನ್:

ನೋಡೋಣವಾ? ನಿಮ್ಮ ಟಿವಿ ಆಫ್ ಅಲ್ವಾ?

ಟಿವಿ ಆಫ್:

ಅದು ಕ್ರಿಕೆಟ್‌ಗೆ ಮಾತ್ರ. ಮತ್ತು 22ರ ಮ್ಯಾಚ್ ನಾನು ನೋಡಿದ್ದಲ್ಲ, ಪಕ್ಕದ ಮನೆಯಲ್ಲಿ ಜೋರಾಗಿ ಹಾಕಿದ್ದರು, ಕೇಳಿಸಿತು. ಅಶ್ವಿನ್ ಗ್ರೀನ್‌ನ ತೆಗೆದ ಮರು ಬಾಲಿಗೆ ಮ್ಯಾಕ್ಸ್‌ವೆಲ್ ಬಂದು ಆ ಹೊಡೆತ ಹೊಡೆಯುವ ಅಗತ್ಯ ಏನಿತ್ತು? 2011ರಲ್ಲೂ ಅಶ್ವಿನ್, 2024ರಲ್ಲೂ ಅಶ್ವಿನ್. 13 ವರ್ಷ ಆಯಿತು, ಅದೇ ಮನುಷ್ಯ.

ಕಬಡ್ಡಿ ಮಂಡ್ಯ:

ಕೇಳಿಸಿದ್ದಕ್ಕೇ ಹೊಡೆತ ಹೇಗಿತ್ತು ಅಂತ ಗೊತ್ತಾಯಿತಾ ಸಾರ್.

ಇಬ್ಬರು ಹೆಣ್ಮಕ್ಕಳ ಅಮ್ಮ:

ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಹೇಗೆ ಬೇರೆ?

ದಾವಣಗೆರೆ ಅಪ್ಪ:

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆಯಿಂದ ಮೂರು ಸಲ ಓದಿದೆ. ಬಿಡಲಾ ಬೇಡವಾ ಅನ್ನುವುದು ಇನ್ನೂ ಗೊತ್ತಾಗಲಿಲ್ಲ, ಆದರೆ ನನ್ನ 21,500 ಸ್ವಲ್ಪ ಕಡಿಮೆ ಅನಿಸಿತು. ಅದೊಂದು ಸಮಾಧಾನ.

ಮೇಡಂ ಹೇಳಿದ ಹಾಗೆ ಮಾರ್ಚಿನ ಫೈನಲ್ ಹೈಲೈಟ್ಸ್ ಹಾಕಿ ಕೊಟ್ಟೆ. ಶ್ರೇಯಾಂಕಾ ಬೌಲಿಂಗ್ ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದ. ಚೀಲದಿಂದ ಜರ್ಸಿ ತೆಗೆದ, ಒಗೆಯಲು ಹಾಕಿದ್ದಾನೆ, ಹಾಕಿಕೊಂಡಿಲ್ಲ. ಆಮೇಲೆ ನಾನು ಇಲ್ಲಿ ಓದುತ್ತಿರುವಾಗ ಹೆಗಲ ಮೇಲಿಂದ ಇಣುಕಿ ಆ ಫ್ರೀ ಕಿಕ್ ವಿಡಿಯೊ ತೋರಿಸು ಅಂದ. ತೋರಿಸಿದೆ. ಕಾಸರಗೋಡಿನವರು ಹೇಳಿದ್ದೇ ಸರಿ, ಅದು ಮೋಸ ಅಂತಾನೆ. ಈಗ ಬ್ಲಾಸ್ಟರ್ಸ್ ಜರ್ಸಿ ಎಷ್ಟು ಅಂತ ಕೇಳುತ್ತಿದ್ದಾನೆ.

ಪಶ್ಚಿಮದ ಮೆಟ್ಟಿಲು:

ಅಪ್ಪನವರೇ, ಆ ವಿಡಿಯೊ ಅರ್ಧದಿಂದ ಶುರುವಾಗುತ್ತದೆ. ಪೂರ್ತಿ ಇರುವುದನ್ನು ಕಳಿಸುತ್ತೇನೆ, ಅಲ್ಲಿವರೆಗೆ ಏನೂ ಕೊಡಿಸಬೇಡಿ.

ಕಾಸರಗೋಡಿನವ:

ಜರ್ಸಿ ಅಳತೆ ಹೇಳಿ ಸರ್. ನಾನೇ ಕಳಿಸುತ್ತೇನೆ. ಕೊರಿಯರ್ ನನ್ನದೇ ಖರ್ಚು.

ಕಬಡ್ಡಿ ಮಂಡ್ಯ:

ಕೊರಿಯರ್ ಅಂದಿದ್ದಕ್ಕೆ ನೆನಪಾಯಿತು. ಆ ಪಾನ್ ಅಂಗಡಿಯಲ್ಲಿ ಇಟ್ಟ ಚೀಲದ ಕಥೆ ಇನ್ನೂ ಹೇಳಿಲ್ಲ. ಮ್ಯಾಚ್ ಮುಗಿದು ಬಂದರೆ ಅಂಗಡಿ ಬಾಗಿಲು ಹಾಕಿದೆ.